ಪೆಡಲು ಬದಲಿಸಿದ ಅಳಿಯ

ಹಿಂದೂಪುರದ ಹೈಸ್ಕೂಲು ಮೇಷ್ಟ್ರು ಹರಿಕೃಷ್ಣ ತನ್ನ ಗೃಹಪ್ರವೇಶಕ್ಕೆ ಮಾವನನ್ನು ವಾಟ್ಸಾಪಿನಲ್ಲಿ ಕರೆದಿದ್ದ. ಕುಂಕುಮ ಹಿಡಿದು ಮನೆಗೆ ಬಂದು ಕರೆಯದವನ ಹೊಸಿಲು ತುಳಿಯುವುದಿಲ್ಲವೆಂದು ಕಲ್ಯಾಣದುರ್ಗದ ಮಾವ ಬೈಲಪ್ಪ ಎಂಟು ತಿಂಗಳಿಂದ ಕೂತಿದ್ದರು. ಈಗ ಮಗಳು ಶ್ರೀಲತಾಳಿಗೆ ಏಳನೇ ತಿಂಗಳು. ತವರಿನವರು ಬಾರದೆ ಸೀಮಂತ ನಡೆಯುವಂತಿಲ್ಲ.

"ಹೋಗಿ ಅಪ್ಪನ ಕಾಲಿಗೆ ಬಿದ್ಬುಡಿ, ಮುಗೀತದೆ," ಎಂದಳು ಅವಳು.

"ಮಾತಾಡ್ತೀನಿ. ಬೀಳಾಕಿಲ್ಲ."

ಬಸ್ಸಿನಲ್ಲಿ ಹೋಗಬಹುದಿತ್ತು. ಆದರೆ ಮೇಷ್ಟ್ರಿಗೆ ಹೊಸ ಸೈಕಲ್ಲಿನ ಹುಚ್ಚು. ಹಿಂದಿನ ದಿನ ಕದಿರಣ್ಣನ ಸೈಕಲ್ ಶಾಪಿನಲ್ಲಿ ಕ್ಲಿಪ್‌ಲೆಸ್ ಪೆಡಲು ಹಾಕಿಸಿದ. ಹೆಸರಿಗೆ ಕ್ಲಿಪ್ ಇಲ್ಲ; ಮಾಡುವ ಕೆಲಸ ಮಾತ್ರ ಶೂ ತಳದ ಕೊಕ್ಕೆಯನ್ನು ಕಚ್ಚಿ ಹಿಡಿಯುವುದು.

"ಮಾಮೂಲಿ ಚಪ್ಪಟೆ ಪೆಡಲೇ ವಾಸಿ ಸಾರ್," ಎಂದ ಕದಿರಣ್ಣ. "ಬೇಕಾದಾಗ ಕಾಲು ಕೆಳಗಿಡಬೋದು."

"ಇದ್ರಲ್ಲಿ ಕಾಲು ಮೇಲೆಳೆದ್ರೂ ಚಕ್ರ ತಿರುಗ್ತದೆ. ಜಾರಾಕಿಲ್ಲ. ಏರಲ್ಲಿ ಸುಸ್ತಾಗಾಕಿಲ್ಲ."

"ಸರಿಯೇ. ನಿಲ್ಸೋಕೆ ಮುಂಚೆ ಹಿಮ್ಮಡಿ ಆಚೆಗೆ ತಿರುವ್ಬೇಕು. ಮರೆತ್ರೋ, ಅಷ್ಟೇ!"

ಏರುಗಳಲ್ಲಿ ಹರಿಕೃಷ್ಣನ ವಾದವೇ ಗೆದ್ದಿತು. ಕಂಬದೂರಿನ ಹತ್ತಿರ ಕುರಿಮಂದೆ ಅಡ್ಡ ಬಂದಾಗಲೂ ಹಿಮ್ಮಡಿ ನೆನಪಾಯಿತು. ಕಲ್ಯಾಣದುರ್ಗ ಮುಟ್ಟಿದರೆ ಟೀ ಅಂಗಡಿಯ ಮುಂದೆ ಮಾವ ನಾಲ್ಕು ಜನ ಹಿರಿಯರೊಂದಿಗೆ ನಿಂತಿದ್ದಾರೆ! ಹಿರಿಯರೆದುರು ಸೈಕಲ್ ಇಳಿಯಬೇಕೆಂಬುದು ಅವನ ಮೈಗೆ ಚಿಕ್ಕಂದಿನಿಂದ ಗೊತ್ತು, ಪೆಡಲಿಗೆ ಗೊತ್ತಿರಲಿಲ್ಲ. ಬ್ರೇಕ್ ಹಿಡಿದ, ಇಳಿಯಹೋದ, ಸೈಕಲ್ ಸಮೇತ ಉರುಳಿದ. ಚಾಚಿದ ಎರಡು ಕೈಯೂ ಹೋಗಿ ಊರಿದ್ದು ಮಾವನ ಪಾದದ ಮೇಲೆ.

"ನಡುಬೀದೀಲೇ ಅಡ್ಡಬಿದ್ಬುಟ್ಟ ಕಣಪ್ಪ!" ಎಂದು ಪಕ್ಕದಲ್ಲಿದ್ದ ಪೆದ್ದಣ್ಣ ಬೆರಗಾದರು. "ಅಳಿಯ ಅಂದ್ರೆ ಇವ್ನು ಕಣಯ್ಯಾ ಬೈಲಪ್ಪ!"

ಬೈಲಪ್ಪ ಬಗ್ಗಿ ಎಬ್ಬಿಸಿದರು. ಮೊಣಕೈ ತರಚಿತ್ತು.

"ಮಾವ, ನಿಜ ಹೇಳ್ಬೇಕಂದ್ರೆ ಕಾಲು ಸಿಕ್ಕಾಕ್ಕೊಂಡು…" ಹರಿಕೃಷ್ಣ ಪಿಸುಗುಟ್ಟಿದ.

"ನಂಗೇನ್ ಕಣ್ಣಿಲ್ವಾ?" ಮಾವನದೂ ಪಿಸುಮಾತೇ. "ವಾಟ್ಸಾಪಲ್ಲಿ ಕರ್ದಿದ್ದು ಊರಿಗೆಲ್ಲ ಗೊತ್ತಾಗಿತ್ತು. ಈಗ ಬಿದ್ದಿದ್ದನ್ನೂ ನಾಕು ಜನ ನೋಡವ್ರೆ. ಬಾಯ್ಮುಚ್ಕೊಂಡು ಟೀ ಕುಡಿ."

ಟೀ ಮುಗಿಯಿತು.

"ಸೀಮಂತಕ್ಕೆ ಬತ್ತೀರಲ್ಲ ಮಾವ?"

"ಬತ್ತೀನಿ, ಬರ್ದೆ ಏನು." ಬೈಲಪ್ಪ ಅಂಗಡಿಯೊಳಗೆ ಕಣ್ಣು ಹಾಯಿಸಿದರು. "ಆದ್ರೆ ನಮ್ಮಣ್ಣ ನಾರಪ್ಪ ಒಳಗೆ ಕೂತಿದ್ದ. ಪಾಪ, ನೋಡ್ಲೇ ಇಲ್ಲ."

ಹರಿಕೃಷ್ಣ ಟೀ ಲೋಟ ಕೆಳಗಿಟ್ಟ. ಆಮೇಲೆ ಶೂ ಬಿಚ್ಚಿ ಬದಿಗಿಟ್ಟ. ನಾರಪ್ಪ ಹೊರಗೆ ಬರುವವರೆಗೆ ಕಾದು, ಬಿದ್ದ.