ಅಜ್ಜಿಯ ಹದಿನೆಂಟು ಚೊಂಬು

"ಬಿಸಿನೀರು ಮುಗೀತು!"

ಆ ಮನೆಯವರಿಗೆ ಬೆಳಗಾಗುತ್ತಿದ್ದದ್ದು ಕೋಳಿಯ ಕೂಗಿನಿಂದಲ್ಲ, ಈ ಕೂಗಿನಿಂದ. ಒಂದು ದಿನ ಅಣ್ಣ ಕೂಗಿದರೆ ಮರುದಿನ ಅತ್ತಿಗೆ. ಅದರ ಮರುದಿನ ತಲೆ ತುಂಬ ನೊರೆ ಹೊತ್ತ ಅವರ ಪುಟ್ಟ ಮಗಳು. ಒಮ್ಮೆಯೂ ಕೂಗದವರು ಅಜ್ಜಿ ಒಬ್ಬರೇ. ಅವರ ಸರದಿ ಯಾವಾಗಲೂ ಕೊನೆಗೆ.

"ನಾನೇನು ಬಸ್ಸು ಹಿಡೀಬೇಕಾ? ನೀವೆಲ್ಲ ಮುಗಿಸ್ಕೊಳ್ಳಿ. ನನಗೆ ತಣ್ಣೀರೇ ಹಿತ" ಎನ್ನುತ್ತಿದ್ದರು.

ಮನೆಯವರೆಲ್ಲ ಅದನ್ನು ನಂಬಿದ್ದರು. ನಂಬದವಳು ಅಣ್ಣನ ತಂಗಿ, ಮನೆಯ ಕಿರಿಯ ಮಗಳು. ಅವಳು ಮಾತಾಡುವುದೇ ಕಡಿಮೆ, ಆಡಿದರೂ ಪಕ್ಕದಲ್ಲಿ ಕೂತವರಿಗೆ ಕೇಳಿಸದಷ್ಟು ಮೆಲ್ಲಗೆ. ಹಾಗಾಗಿ ಬೀದಿಯವರೆಲ್ಲ ಅವಳನ್ನು ಮೆಲ್ಲಮ್ಮ ಎಂದೇ ಕರೆಯುತ್ತಿದ್ದರು. ಏಳನೇ ತರಗತಿಗೆ ಶಾಲೆ ಬಿಟ್ಟು ಹೊಲಿಗೆ ಕಲಿತಿದ್ದಳು. ಅವಳ ಹೊಲಿಗೆ ಯಂತ್ರ ಬಚ್ಚಲುಮನೆಯ ಗೋಡೆಗೆ ಒತ್ತಿಕೊಂಡೇ ಇತ್ತು. ಕೈ ಬಟ್ಟೆಯ ಮೇಲಿದ್ದರೂ ಕಿವಿ ಗೋಡೆಯ ಮೇಲೆ. ಅಣ್ಣ ಬೆಂಕಿ ಆರಿಸುವವನ ಹಾಗೆ ದಬದಬನೆ ಸುರಿದುಕೊಳ್ಳುತ್ತಿದ್ದ. ಅತ್ತಿಗೆಯದು ಗಡಿಯಾರದ ಹಾಗೆ, ಒಂದೇ ಸಮ. ಅಜ್ಜಿಯದು ಆರೇ ಚೊಂಬು. ಒಂದೊಂದು ಚೊಂಬಿನ ಹಿಂದೆಯೂ ಹಲ್ಲು ಕಚ್ಚಿ ಎಳೆದ ಉಸಿರು.

ಇನ್ನೊಂದನ್ನೂ ಅವಳು ಗಮನಿಸಿದ್ದಳು. ಬೇರೆ ಯಾರು ಸ್ನಾನ ಮಾಡಿ ಬಂದರೂ ಬಚ್ಚಲಿನ ಕನ್ನಡಿ ಮಂಜು ಹಿಡಿದಿರುತ್ತಿತ್ತು. ಅಜ್ಜಿ ಬಂದ ಮೇಲೆ ನೋಡಿದರೆ ಕನ್ನಡಿ ತೊಳೆದಿಟ್ಟ ಹಾಗೆ ಸ್ವಚ್ಛ. "ದಿನಾ ಬೆಳಿಗ್ಗೆ ಬಿಸಿನೀರು ಹಾಕ್ಕೊಳ್ಳಿ ಅಜ್ಜಿ, ಮಂಡಿ ಸಡಿಲ ಆಗುತ್ತೆ" ಎಂದು ಆಸ್ಪತ್ರೆಯ ನರ್ಸ್ ಹೇಳಿ ಒಂದು ತಿಂಗಳಾಗಿತ್ತು. ಅಜ್ಜಿ ಈಗ ಎರಡು ಮೆಟ್ಟಿಲು ಇಳಿಯುವುದಕ್ಕೂ ಗೋಡೆ ಹಿಡಿಯುತ್ತಿದ್ದರು.

ಒಂದು ಬೆಳಿಗ್ಗೆ ಅಪ್ಪನಿಗೆ ರೇಗಿತು.

"ಸಾಕಾಯ್ತು ಈ ಕೂಗಾಟ! ಈ ಹದಿನೈದು ಲೀಟರಿನ ಡಬ್ಬಿ ಕಿತ್ತು ಬಿಸಾಕ್ತೀನಿ. ಏಳು ಜನ ಇದ್ದೀವಿ. ನೂರು ಲೀಟರಿನ ಗೀಸರ್ರೇ ತರ್ತೀನಿ!"

ಅಪ್ಪ ಗೋಡೆಗೆ ಬಣ್ಣ ಹೊಡೆಯುವವರು. ಬಣ್ಣ ಕಡಿಮೆ ಬಿದ್ದರೆ ಮಾನ ಹೋಗುತ್ತದೆ, ಉಳಿದರೆ ಇನ್ನೊಂದು ಗೋಡೆಗಾಗುತ್ತದೆ ಎನ್ನುವುದು ಅವರ ಮೂವತ್ತು ವರ್ಷದ ನಿಯಮ. ಒಂದು ಡಬ್ಬ ಹೆಚ್ಚಿಗೆ ತರದೆ ಅವರು ಯಾವ ಕೆಲಸವನ್ನೂ ಶುರು ಮಾಡಿದವರಲ್ಲ.

ಅದೇ ಹೊತ್ತಿಗೆ ಸೋರುವ ನಲ್ಲಿ ಸರಿಮಾಡಲು ನಲ್ಲಿ ಅಕ್ಕ ಬಂದಿದ್ದಳು. ಬೀದಿಯ ಎಲ್ಲ ನಲ್ಲಿ, ಪೈಪು, ಗೀಸರ್‌ಗಳ ನಾಡಿ ಬಲ್ಲವಳು ಅವಳು.

"ನೂರು ಲೀಟರ್ ಯಾಕೆ ಮಾವಾ? ಮನೇಲಿ ಏನಾದ್ರೂ ಆನೆ ಸಾಕಿದ್ದೀರಾ?"

"ದೊಡ್ಡದೇ ಇರ್ಲಿ ಬಿಡಮ್ಮ. ಹೆಚ್ಚಾದ್ರೆ ನಷ್ಟ ಏನು? ಉಳಿದಿದ್ದು ಉಳಿಯುತ್ತೆ."

"ಬಣ್ಣ ಉಳಿದ್ರೆ ಡಬ್ಬದ ಮುಚ್ಚಳ ಹಾಕಿ ಇಡ್ತೀರಿ. ಬಿಸಿ ಉಳಿದ್ರೆ ಯಾವ ಮುಚ್ಚಳ ಹಾಕ್ತೀರಿ? ನೂರು ಲೀಟರ್ ಕಾಯಿಸಿ ನಲವತ್ತು ಬಳಸಿದ್ರೆ ಅರವತ್ತು ಲೀಟರ್ ಸುಮ್ನೆ ಕೂತು ಆರುತ್ತೆ. ಕರೆಂಟು ಗಾಳಿಗೆ ಹೋಗುತ್ತೆ."

"ಹಾಗಾದ್ರೆ ಚಿಕ್ಕದೇ ಇರ್ಲಿ ಅಂತೀಯಾ?"

"ಚಿಕ್ಕದಾದ್ರೆ ಕೊನೆಯವರು ನಡುಗ್ತಾರೆ. ಚಿಕ್ಕದೂ ಬೇಡ, ದೊಡ್ಡದೂ ಬೇಡ, ಅಳತೆಗೆ ಸರಿಯಾದ್ದು ಬೇಕು." ಅವಳು ನಲ್ಲಿ ತಿರುಗಿಸುವ ಪಾನಾ ಕೆಳಗಿಟ್ಟಳು. "ಮನೇಲಿ ಎಷ್ಟು ಜನ ಅನ್ನೋದು ಲೆಕ್ಕ ಅಲ್ಲ ಮಾವಾ. ಎಲ್ಲರಿಗೂ ಅವಸರ ಇರೋ ಆ ಒಂದು ಗಂಟೇಲಿ ಎಷ್ಟು ಜನ ಸ್ನಾನ ಮಾಡ್ತಾರೆ, ಎಷ್ಟು ನೀರು ಹಾಕ್ಕೊಳ್ತಾರೆ ಅನ್ನೋದು ಲೆಕ್ಕ. ನೀವು ಬಣ್ಣ ತೊಳೆದುಕೊಳ್ಳೋದು ಸಾಯಂಕಾಲ. ಅಮ್ಮಂದೂ ಸಾಯಂಕಾಲ. ಮೆಲ್ಲಮ್ಮಂದು ಮಧ್ಯಾಹ್ನ. ಅಷ್ಟರಲ್ಲಿ ನೀರು ಮತ್ತೆ ಕಾದಿರುತ್ತೆ. ಬೆಳಗಿನ ಗಂಟೆಗೆ ನಿಲ್ಲೋರು ನಾಲ್ಕೇ ಜನ. ಅವರು ಎಷ್ಟೆಷ್ಟು ಚೊಂಬು ಹಾಕ್ಕೊಳ್ತಾರೆ?"

"ಸ್ನಾನದ ಚೊಂಬು ಯಾರಮ್ಮ ಎಣಿಸ್ತಾರೆ!" ಎಂದು ಅಪ್ಪ ನಕ್ಕರು.

ಮೆಲ್ಲಮ್ಮನ ಹೊಲಿಗೆ ಯಂತ್ರ ನಿಂತಿತು. ಉತ್ತರ ಅವಳ ಬಾಯಿತನಕ ಬಂದಿತ್ತು. ಅಲ್ಲೇ ನಿಂತಿತು. ಅಪ್ಪ ನಗುತ್ತಾ ಕೆಲಸಕ್ಕೆ ಹೊರಟುಹೋದರು.

ಆದರೆ ನಲ್ಲಿ ಅಕ್ಕನ ಕಣ್ಣು ಸೂಕ್ಷ್ಮ. "ನಿನಗೆ ಗೊತ್ತು, ಅಲ್ವಾ?"

ಮೆಲ್ಲಮ್ಮ ಹೌದೆಂದು ತಲೆ ಆಡಿಸಿದಳು.

"ಅಂದಾಜು ಸಾಲದು. ಮೂರು ದಿನ ಎಣಿಸು. ಗೀಸರ್ ನೀರು ಹಾಗೇ ಸುರ್ಕೊಂಡ್ರೆ ಮೈ ಬೊಬ್ಬೆ ಏಳುತ್ತೆ, ಅರ್ಧಕ್ಕರ್ಧ ತಣ್ಣೀರು ಬೆರೆಸ್ತೀವಿ. ಅದಕ್ಕೆ ಒಟ್ಟು ನೀರಿನಲ್ಲಿ ಅರ್ಧ ಮಾಡು. ಅದರ ಮೇಲೆ ಸ್ವಲ್ಪ ಹೆಚ್ಚಿಗೆ ಸೇರಿಸು, ಯಾಕಂದ್ರೆ ಬಿಸಿನೀರು ಹೊರಗೆ ಬಂದ ಹಾಗೆಲ್ಲ ಒಳಗೆ ತಣ್ಣೀರು ಸೇರ್ತಾ ಇರುತ್ತೆ. ಅಷ್ಟೇ ವಿದ್ಯೆ." ಎದ್ದವಳು ಗೀಸರ್ ಹಿಂದಿನ ಗೋಡೆಯನ್ನು ಬೆರಳಿನಿಂದ ತಟ್ಟಿದಳು. ಟೊಳ್ಳು ಸದ್ದು ಬಂತು. "ನೋಡು, ತೆಳ್ಳಗಿನ ಅಡ್ಡಗೋಡೆ. ಇದರ ಮೇಲೆ ನೂರು ಲೀಟರ್ ನೀರು ತೂಗುಹಾಕೋದು ಅಂದ್ರೆ ಇಬ್ಬರು ಆಳುಗಳನ್ನ ನೇತುಹಾಕಿದ ಹಾಗೆ."

ಮೂರು ದಿನ ಮೆಲ್ಲಮ್ಮ ಎಣಿಸಿದಳು. ಒಂದು ಚೊಂಬಿಗೆ ಬಟ್ಟೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಒಂದು ಗೀಟು, ಯಂತ್ರದ ಮರದ ಹಲಗೆಯ ಮೇಲೆ. ಬಚ್ಚಲಿನ ಚೊಂಬು ಸರಿಯಾಗಿ ಒಂದು ಲೀಟರಿನದು. ಅಣ್ಣನಿಗೆ ಇಪ್ಪತ್ತೈದು ಗೀಟು, ಅತ್ತಿಗೆಗೆ ಹದಿನೆಂಟು, ಮಗುವಿಗೆ ಹನ್ನೆರಡು. ಅಜ್ಜಿಗೆ ಆರೇ ಗೀಟು. ಆಮೇಲೆ ಅದನ್ನು ಅಳಿಸಿ ಬೇರೆ ಬರೆದಳು.

ನಾಲ್ಕನೇ ದಿನ ಅಪ್ಪ ಅಂಗಡಿಗೆ ಹೊರಟರು. ದಾರ ತರುವ ನೆಪ ಹೇಳಿ ಮೆಲ್ಲಮ್ಮನೂ ಜೊತೆಗೆ ಹೋದಳು.

ಅಂಗಡಿಯಲ್ಲಿ ಸಣ್ಣ, ನಡು, ದೊಡ್ಡ ಗೀಸರ್‌ಗಳು ಮದುವೆ ಫೋಟೋಗೆ ನಿಂತ ನೆಂಟರ ಹಾಗೆ ಸಾಲಾಗಿ ನಿಂತಿದ್ದವು. ಅಂಗಡಿಯಾತ ಎಲ್ಲಕ್ಕಿಂತ ದಪ್ಪನೆಯದರ ಹೊಟ್ಟೆ ತಟ್ಟಿದ.

"ಏಳು ಜನ ಅಂದ್ರಲ್ಲ ಯಜಮಾನರೇ? ಕಣ್ಣು ಮುಚ್ಚಿ ಇದನ್ನ ತಗೊಳ್ಳಿ. ನೂರು ಲೀಟರ್. ನಾಳೆ ಮನೆಗೆ ಮೊಮ್ಮಕ್ಕಳು ಇನ್ನೂ ನಾಲ್ಕು ಬಂದ್ರೂ ತೊಂದರೆ ಇಲ್ಲ."

"ಕಟ್ಟಿಬಿಡಿ" ಎಂದರು ಅಪ್ಪ.

"ಬೇಡ" ಎಂದಳು ಮೆಲ್ಲಮ್ಮ. ಯಾರಿಗೂ ಕೇಳಿಸಲಿಲ್ಲ. ಅಂಗಡಿಯಾತ ಹಗ್ಗ ತಂದು ಕಟ್ಟತೊಡಗಿದ. ಅವಳಿಗೆ ಕಂಡದ್ದು ಹಗ್ಗವಲ್ಲ, ಆ ತೆಳ್ಳಗಿನ ಗೋಡೆ, ಅದರ ಕೆಳಗೆ ಕೂತ ಅಜ್ಜಿ.

"ಬೇಡ ಅಪ್ಪಾ!"

ಫ್ಯಾನು ನೋಡುತ್ತಿದ್ದ ಗಿರಾಕಿ ತಿರುಗಿ ನೋಡಿದ. ಅಪ್ಪನಂತೂ ಬೇರೆ ಯಾರೋ ಕೂಗಿದರು ಎಂದುಕೊಂಡು ಹಿಂದೆ ನೋಡಿದರು.

"ಅಪ್ಪಾ, ಗೋಡೆ ಅಳೆಯದೆ ನೀನು ಯಾವತ್ತಾದ್ರೂ ಬಣ್ಣ ತಂದಿದ್ದೀಯಾ?"

"ಇಲ್ಲ. ಅದು ಹೇಗೆ ತರೋಕಾಗುತ್ತೆ?"

"ಮತ್ತೆ ನೀರು ಅಳೆಯದೆ ಗೀಸರ್ ಯಾಕೆ ತರ್ತಿದ್ದೀಯಾ? ನಾನು ಅಳೆದಿದ್ದೀನಿ." ಮಾತು ನಿಲ್ಲಲಿಲ್ಲ. "ಬೆಳಗಿನ ಒಂದು ಗಂಟೇಲಿ ನಾಲ್ಕು ಜನಕ್ಕೆ ಎಪ್ಪತ್ತಮೂರು ಚೊಂಬು. ಅದೇ ಹೊತ್ತಿಗೆ ಜಿಡ್ಡಿನ ಪಾತ್ರೆ ತೊಳೆಯೋಕೆ ಹತ್ತು. ಎಂಬತ್ತಮೂರು. ಅದರಲ್ಲಿ ಅರ್ಧ ತಣ್ಣೀರು. ಉಳಿಯೋದು ನಲವತ್ತೆರಡು. ಸ್ವಲ್ಪ ಹೆಚ್ಚಿಗೆ ಸೇರಿಸಿದ್ರೆ ಐವತ್ತು. ನಮ್ಮ ಮನೆಗೆ ಐವತ್ತು ಲೀಟರ್ ಸಾಕು. ನಮ್ಮ ಬಚ್ಚಲಿನ ಗೋಡೆ ನೂರು ತಡೆಯೋದೂ ಇಲ್ಲ, ನಲ್ಲಿ ಅಕ್ಕನೇ ತಟ್ಟಿ ನೋಡಿದ್ದಾಳೆ."

ಅಪ್ಪ ಬೆರಳು ಮಡಿಸಿ ಲೆಕ್ಕ ಹಾಕಿದರು. ಇನ್ನೊಮ್ಮೆ ಹಾಕಿದರು. "ಅಜ್ಜಿಗೆ ಎಷ್ಟು ಹಿಡಿದೆ?"

"ಹದಿನೆಂಟು."

"ನಮ್ಮಮ್ಮ ಅಷ್ಟೆಲ್ಲ ಎಲ್ಲಿ ಹಾಕ್ಕೊಳ್ತಾಳೆ? ಹೋದ ಹಾಗೇ ಬಂದುಬಿಡ್ತಾಳೆ."

"ಈಗ ಆರೇ ಚೊಂಬು, ಅದು ತಣ್ಣೀರು ಅಂತ. ಅಜ್ಜಿಗೆ ತಣ್ಣೀರು ಹಿತ ಅಲ್ಲ ಅಪ್ಪಾ. ನಮಗೆ ಬಿಸಿನೀರು ಉಳೀಲಿ ಅಂತ ಹಾಗೆ ಹೇಳ್ತಾರೆ. ಗೋಡೆ ಆಚೆಯಿಂದ ನಾನು ದಿನಾ ಕೇಳ್ತೀನಿ. ಹಲ್ಲು ಕಚ್ಕೊಂಡು ಹಾಕ್ಕೊಳ್ತಾರೆ. ಬಿಸಿನೀರಿದ್ರೆ ಅತ್ತಿಗೆಯಷ್ಟಾದ್ರೂ ಹಾಕ್ಕೊಳ್ತಾರೆ ಅಂತ ಹದಿನೆಂಟು ಹಿಡಿದೆ."

ಅಪ್ಪ ಉಗುರಿನ ಸಂದಿಯಲ್ಲಿ ಒಣಗಿದ್ದ ಬಣ್ಣವನ್ನು ಕೆರೆಯುತ್ತಾ ನಿಂತರು. ಆಮೇಲೆ ಅಂಗಡಿಯಾತನ ಕಡೆ ತಿರುಗಿದರು.

"ಆ ಹಗ್ಗ ಬಿಚ್ಚಪ್ಪಾ. ನನ್ನ ಮಗಳು ಹೇಳಿದ್ದನ್ನ ಕಟ್ಟು."

ಅಂಗಡಿಯಾತನೂ ಕೆಟ್ಟವನಲ್ಲ. "ನನ್ನ ಹತ್ತಿರ ಇಷ್ಟು ದಿನ ಯಾರೂ ಚೊಂಬು ಎಣಿಸಿ ಬಂದಿರ್ಲಿಲ್ಲ ತಂಗೀ" ಎಂದು ನಗುತ್ತಾ ನಡುವಿನದನ್ನು ಇಳಿಸಿದ.

ನಲ್ಲಿ ಅಕ್ಕ ಬಂದು ಬಚ್ಚಲಿನ ಗಟ್ಟಿ ಹೊರಗೋಡೆಯನ್ನೇ ಹುಡುಕಿ ಗೀಸರ್ ಕೂರಿಸಿದಳು. ಮರುದಿನ ಬೆಳಿಗ್ಗೆ ಅಣ್ಣ ಹೋಗಿ ಬಂದ, ಕೂಗಲಿಲ್ಲ. ಅತ್ತಿಗೆ ಬಂದಳು, ಮಗು ಬಂತು, ಯಾರೂ ಕೂಗಲಿಲ್ಲ. ಕೊನೆಗೆ ಎಂದಿನಂತೆ ಅಜ್ಜಿ ಗೋಡೆ ಹಿಡಿದುಕೊಂಡು ಒಳಗೆ ಹೋದರು. ಮನೆಯವರೆಲ್ಲ ಸದ್ದಿಲ್ಲದೆ ಹೊಲಿಗೆ ಯಂತ್ರದ ಸುತ್ತ ಸೇರಿದರು. ಮೆಲ್ಲಮ್ಮನ ಕೈಯಲ್ಲಿ ಸೀಮೆಸುಣ್ಣ.

ನಾಲ್ಕು. ಐದು. ಆರು.

ಸದ್ದು ನಿಂತಿತು. ಸೀಮೆಸುಣ್ಣವೂ ನಿಂತಿತು.

ಏಳು!

ಅಣ್ಣ ಕೂಗಲು ಬಾಯಿ ತೆರೆದ, ಅತ್ತಿಗೆ ಅದನ್ನು ಮುಚ್ಚಿದಳು. ಹತ್ತು. ಹದಿನಾಲ್ಕು. ಗೋಡೆಯ ಆಚೆಯಿಂದ ಸಣ್ಣಗೆ ಒಂದು ಗುನುಗು ಕೇಳಿಸಿತು. ಆ ಮನೆಯಲ್ಲಿ ಅಜ್ಜಿ ಗುನುಗಿದ್ದನ್ನು ಮಗು ಹುಟ್ಟಿದಾಗಿನಿಂದ ಯಾರೂ ಕೇಳಿರಲಿಲ್ಲ. ಹದಿನೇಳು. ಹದಿನೆಂಟು.

ಹತ್ತೊಂಬತ್ತು!

"ನಿನ್ನ ಲೆಕ್ಕ ತಪ್ಪಿತಲ್ಲೇ!" ಎಂದು ಅಪ್ಪ ಮನೆಯೇ ಅದುರುವಂತೆ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು.

ಬಾಗಿಲು ತೆರೆಯಿತು. ಹಬೆಯ ಮೋಡದ ನಡುವಿನಿಂದ ಅಜ್ಜಿ, ಕೆಂಪು ಕೆಂಪಾಗಿ.

"ಯಾಕ್ರೋ, ರೇಷನ್ ಸೊಸೈಟಿ ಮುಂದೆ ನಿಂತ ಹಾಗೆ ಸಾಲಾಗಿ ನಿಂತಿದ್ದೀರಿ? ಆ ಕನ್ನಡಿ ಬೇರೆ ಕೆಟ್ಟುಹೋಗಿದೆ ನೋಡಿ. ನನ್ನ ಮುಖಾನೇ ಕಾಣಿಸ್ಲಿಲ್ಲ."

ಮೆಲ್ಲಮ್ಮ ಒಳಗೆ ಇಣುಕಿದಳು. ಕನ್ನಡಿಯ ತುಂಬ ಮಂಜು.

"ಅಜ್ಜೀ, ನಿಮಗೆ ತಣ್ಣೀರೇ ಹಿತ ಅಂತಿದ್ರಲ್ಲ?" ಎಂದ ಅಣ್ಣ.

"ನಾನಾ? ಯಾವಾಗ ಹೇಳಿದ್ದೆ?" ಎನ್ನುತ್ತಾ ಅಜ್ಜಿ ಸೀರೆ ನೆರಿಗೆ ಸರಿಮಾಡಿಕೊಂಡು, ಗೋಡೆ ಹಿಡಿಯುವುದನ್ನೇ ಮರೆತು ಎರಡು ಮೆಟ್ಟಿಲು ಇಳಿದರು.

ಈಗ ಆ ಬೀದಿಯಲ್ಲಿ ಗೀಸರ್ ಕೊಳ್ಳುವವರು ಮೊದಲು ಮೆಲ್ಲಮ್ಮನ ಮನೆಗೆ ಬರುತ್ತಾರೆ. "ಅಳತೆ ಬೇಕಾ? ನನ್ನ ಮಗಳನ್ನ ಕೇಳಿ" ಎಂದು ಅಪ್ಪ ಬಾಗಿಲಲ್ಲೇ ಸಾರುತ್ತಾರೆ. ಅವಳು ಈಗಲೂ ಮೆಲ್ಲಗೇ ಮಾತಾಡುತ್ತಾಳೆ, ಆದರೆ ಎಲ್ಲರೂ ಸುಮ್ಮನಿದ್ದು ಕೇಳುತ್ತಾರೆ.

ಓದುತ್ತಿರುವ ಅಕ್ಕ, ಅಣ್ಣ, ನೀವೂ ಗೀಸರ್ ಕೊಳ್ಳುವ ಯೋಚನೆಯಲ್ಲಿದ್ದರೆ ಅಂಗಡಿಗೆ ಹೋಗುವ ಮೊದಲು ಮೂರು ದಿನ ನಿಮ್ಮ ಮನೆಯ ಚೊಂಬು ಎಣಿಸಿ. ಮನೆಯ ತಲೆಗಳನ್ನಲ್ಲ, ಅವಸರದ ಆ ಒಂದು ಗಂಟೆಯ ನೀರನ್ನು ಲೆಕ್ಕ ಹಾಕಿ. ಅರ್ಧ ಮಾಡಿ, ಸ್ವಲ್ಪ ಸೇರಿಸಿ. ನೆರೆಮನೆಯವರ ಗೀಸರ್ ಎಷ್ಟು ದೊಡ್ಡದು ಎಂದು ನೋಡಬೇಡಿ, ನಿಮ್ಮ ಗೋಡೆ ಎಷ್ಟು ಗಟ್ಟಿ ಎಂದು ಕೆಲಸ ಬಲ್ಲವರಿಂದ ತಟ್ಟಿಸಿ ನೋಡಿ.

ಮತ್ತೆ, ನಿಮ್ಮ ಮನೆಯಲ್ಲಿ ಕೊನೆಗೆ ಸ್ನಾನ ಮಾಡುವವರು ಯಾರು? "ನನಗೆ ತಣ್ಣೀರೇ ಹಿತ" ಎಂದು ಅವರೂ ಹೇಳುತ್ತಿದ್ದರೆ ಸುಮ್ಮನೆ ನಂಬಿಬಿಡಬೇಡಿ. ನಾಳೆ ಅವರು ಹೊರಗೆ ಬಂದ ಮೇಲೆ ಒಮ್ಮೆ ಒಳಗೆ ಹೋಗಿ ಕನ್ನಡಿ ನೋಡಿ.