ಕೆಂಪು ದೀಪದ ಮೇಲೆ ಕಪ್ಪು ಟೇಪು

ರೆಕಾರ್ಡರಿನ ಕೆಂಪು ದೀಪ ಹೊತ್ತಿಕೊಂಡರೆ ಸಾಕು, ಅಲ್ಲಿಯವರೆಗೆ ಹರಟುತ್ತಿದ್ದ ಗಂಡಿನ ಬಾಯಿಗೆ ಬೀಗ ಬೀಳುತ್ತದೆ. ಇದು ತಂಗಿಯ ಹತ್ತು ವರ್ಷದ ಅನುಭವ. ಮದುವೆಗಳನ್ನು ಚಿತ್ರೀಕರಿಸುವುದೇ ಈ ಅಣ್ಣ-ತಂಗಿಯ ಕಸುಬು: ಅಣ್ಣ ಫೋಟೋ ತೆಗೆಯುತ್ತಾನೆ, ಇವಳು ವಿಡಿಯೋ. ಈ ಸಲ ಬೆಂಕಿಪೊಟ್ಟಣದಷ್ಟಿದ್ದ ರೆಕಾರ್ಡರಿನ ದೀಪದ ಮೇಲೆ ಒಂದು ಚೂರು ಕಪ್ಪು ಟೇಪು ಅಂಟಿಸಿ, ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದಳು.

ಮದುವೆ ಎಂದರೆ ಇಷ್ಟೇ: ಹೆಣ್ಣು, ಗಂಡು, ಅಣ್ಣ, ತಂಗಿ, ಮತ್ತು ಎಣಿಸಲಾರದಷ್ಟು ಜಿಗಣೆಗಳು. ಹೆಣ್ಣು ಹಲ್ಲಿನ ಡಾಕ್ಟರು. ಗಂಡು ಗಡಿಯಾರ ರಿಪೇರಿ ಮಾಡುವವನು. ಈ ಜೋಡಿ ಹೆಣ್ಣಿನ ಅಪ್ಪನಿಗೆ ಸುತರಾಂ ಒಪ್ಪಿಗೆಯಿರಲಿಲ್ಲ. ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ ಬಂದು, ಮಾತು ಕೊಟ್ಟು ಉಂಗುರ ತೊಡಿಸಿಕೊಳ್ಳಲು ಇವರು ಆರಿಸಿಕೊಂಡದ್ದು ದೋಣಿಯಲ್ಲಿ ಮೂರು ಗಂಟೆ, ಕಾಲ್ನಡಿಗೆಯಲ್ಲಿ ಒಂದು ಗಂಟೆ ದೂರದ ಈ ಮಳೆಕಾಡನ್ನು. ಇಲ್ಲಿ ಫೋನು ಹಿಡಿಯುವುದಿಲ್ಲ, ಚಿಕ್ಕಪ್ಪಂದಿರು ಹುಡುಕಿಕೊಂಡು ಬರುವುದಿಲ್ಲ.

ಗುಟ್ಟು ಗೊತ್ತಿದ್ದದ್ದು ಹೆಣ್ಣಿನ ಅಜ್ಜಿಗೆ, ಅಂದರೆ ಆ ಅಪ್ಪನ ಅಮ್ಮನಿಗೆ ಮಾತ್ರ. ಅಜ್ಜಿಗೆ ಕಣ್ಣು ಮಂಜು, ಕಿವಿ ಮಾತ್ರ ಬಲು ಚುರುಕು. ಅವರು ಮೊಮ್ಮಗಳಿಗೆ ಒಂದೇ ಷರತ್ತು ಹಾಕಿದ್ದರು: "ಅವನು ಆಡೋ ಮಾತು ನನಗೆ ಕೇಳಿಸು. ಹಿಡಿಸಿದ್ರೆ ನಿಮ್ಮಪ್ಪನ್ನ ನಾನು ನೋಡ್ಕೋತೀನಿ." ಹಿಡಿಸದಿದ್ದರೆ ತವರಿನ ಬಾಗಿಲು ಮುಚ್ಚಿದಂತೆಯೇ. ಅದಕ್ಕೇ ಹೆಣ್ಣು ಮೊದಲೇ ಹೇಳಿದ್ದಳು, ಫೋಟೋ ಹಾಳಾದರೂ ಪರವಾಗಿಲ್ಲ, ಧ್ವನಿ ಹಾಳಾಗಬಾರದು ಅಂತ.

ದೊಡ್ಡ ಮರದ ಬುಡದಲ್ಲಿ ಎಲ್ಲ ಅದ್ಭುತವಾಗಿ ನಡೆಯಿತು. ತಂಗಿ ಗಂಡಿನ ಜೇಬಿನಲ್ಲಿದ್ದ ರೆಕಾರ್ಡರಿನ ಗುಂಡಿ ಒತ್ತಿ, ದೂರಕ್ಕೆ ಹೋಗಿ ನಿಂತು ಚಿತ್ರೀಕರಿಸಿದಳು. ಗಂಡು ಬರೆದು ತಂದದ್ದನ್ನು ಓದಿದ. ಚಂದ್ರ, ನಕ್ಷತ್ರ, ಏಳು ಸಮುದ್ರ ಎಲ್ಲವೂ ಇದ್ದವು. ಹೆಣ್ಣು ಅತ್ತಳು, ಅಣ್ಣ ಜಾರಿ ಬಿದ್ದರೂ ಕ್ಯಾಮೆರಾ ಎತ್ತಿ ಹಿಡಿದು ಕೆಸರಲ್ಲಿ ಕೂತೇ ಫೋಟೋ ಹೊಡೆದ.

ಆಮೇಲೆ ತಂಗಿ ಹೆಡ್‌ಫೋನಿನಲ್ಲಿ ಕೇಳಿ ನೋಡಿದಳು. ಚಂದ್ರ ಇಲ್ಲ, ಸಮುದ್ರವೂ ಇಲ್ಲ. ಬೆಳಿಗ್ಗೆ ಮೈಕು ಸಿಕ್ಕಿಸುವಾಗ ಪರೀಕ್ಷೆಗೆಂದು ಒತ್ತಿದವಳು ನಿಲ್ಲಿಸುವುದನ್ನೇ ಮರೆತಿದ್ದಳು. ಹಾಗಾಗಿ ಶುರುವಾಗಲಿ ಎಂದು ಒತ್ತಿದಾಗ ಅದು ನಿಂತಿತ್ತು. ದೀಪ ಆರಿದ್ದು ಟೇಪಿನ ಕೆಳಗೆ ಯಾರಿಗೆ ಕಾಣಬೇಕು? ದೂರವಿದ್ದ ಕ್ಯಾಮೆರಾದಲ್ಲಿ ಜೀರುಂಡೆಗಳ ಸದ್ದು ಬಿಟ್ಟರೆ ಬೇರೇನಿರಲಿಲ್ಲ.

ತಪ್ಪೊಪ್ಪಿಕೊಂಡಾಗ ಅವಳ ಮುಖ ಹುಳ್ಳಗಾಗಿತ್ತು. ಹೆಣ್ಣು, ಸರಿ, ಇನ್ನೊಂದು ಸಲ ಮದುವೆಯಾಗೋಣ ಎಂದಳು. ಗಂಡು ಚಂದ್ರನವರೆಗೆ ಬಂದ, ಕೆಸರು ಮೆತ್ತಿದ ಅಣ್ಣನ ಹಿಂಭಾಗ ಕಣ್ಣಿಗೆ ಬಿತ್ತು, ಕಿಸಕ್ಕೆಂದ. ಮೂರನೆಯ ಸಲ ಹೆಣ್ಣು ನಕ್ಕಳು. ನಾಲ್ಕನೆಯ ಸಲ ಯಾರೂ ಬಾಯಿ ತೆರೆಯುವ ಮೊದಲೇ ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಐದನೆಯದಕ್ಕೆ ಮಳೆ ಧೋ ಎಂದು ಸುರಿದು ಎಲ್ಲ ಮಾತನ್ನೂ ನುಂಗಿಹಾಕಿತು.

ಸಂಜೆ ದೋಣಿಯಿಂದ ಇಳಿದು, ಫೋನು ಹಿಡಿಯುವ ಊರಿನ ವಸತಿಗೃಹದ ಕೋಣೆಯಲ್ಲಿ ಒದ್ದೆ ಬಟ್ಟೆಗಳ ನಡುವೆ ಕೂತು ತಂಗಿ ಬೆಳಗಿನ ರೆಕಾರ್ಡಿಂಗನ್ನು ಮೊದಲಿನಿಂದ ಕೇಳಿದಳು, ಏನಾದರೂ ಸಿಕ್ಕೀತೇ ಎಂಬ ಆಸೆಯಿಂದ. ಬೂಟಿನ ಸದ್ದು, ಏದುಸಿರು. ಆಮೇಲೆ ಗಂಡು ಮರದ ಮರೆಗೆ ಹೋಗಿ ಜಿಗಣೆ ಕೀಳುತ್ತ, ಅದರ ಜತೆಗೇ ಮಾತಾಡುತ್ತಿದ್ದ. ಕೇಳುತ್ತ ಕೇಳುತ್ತ ಅವಳು ಎದ್ದು ನಿಂತಳು. ಸೀದಾ ಹೋಗಿ ಅವನ ಕಿವಿಗೇ ಹೆಡ್‌ಫೋನು ಹಾಕಿದಳು. ಅವನ ಮುಖ ಕೆಂಪೇರಿತು. ತುಸು ಹೊತ್ತು ತಲೆ ಕೆರೆದುಕೊಂಡು, ಅವನೇ ಅದನ್ನು ಹೆಂಡತಿಯ ಕೈಗೆ ಕೊಟ್ಟ. ಅವಳು ಪೂರ್ತಿ ಕೇಳಿ, ಮೂಗು ಒರೆಸಿಕೊಂಡು, ಅಜ್ಜಿಗೆ ಫೋನು ಹಚ್ಚಿದಳು.

"ಕುಡಿಯಪ್ಪಾ, ಕುಡಿ," ಎನ್ನುತ್ತಿತ್ತು ರೆಕಾರ್ಡಿಂಗು. "ಇವತ್ತು ನನಗೆ ಯಾರ ಮೇಲೂ ಕೋಪ ಇಲ್ಲ. ಅವಳು ನನ್ನನ್ನ ಮದುವೆ ಆಗ್ತಿದಾಳೆ, ಗೊತ್ತಾ? ಆದ್ರೆ ಬೆಳಿಗ್ಗೆ ನಲ್ಲಿ ಬಿಟ್ಕೊಂಡು ಅಳ್ತಿದ್ಲು. ಅಪ್ಪನ ನೆನಪು. ನಾನು ಕೇಳಿಸದವನ ಥರ ಇದ್ದೆ, ಏನು ಹೇಳ್ಬೇಕು ತಿಳೀಲಿಲ್ಲ. ವಾರಕ್ಕೊಂದ್ಸಲ ಹೋಗಿ ಅವರ ಬಾಗಿಲು ತಟ್ತೀನಿ. ಬೈಲಿ. ಎಂಥೆಂಥಾ ಕೆಟ್ಟ ಗಡಿಯಾರಾನೇ ನಾನು ಬಿಟ್ಟವನಲ್ಲ, ಅವಳ ಅಪ್ಪನ್ನ ಬಿಡ್ತೀನಾ?"

ಆ ಕಡೆ ಸದ್ದೇ ಇಲ್ಲ. ಹಿಡಿಸಲಿಲ್ಲವೇನೋ ಎಂದು ತಂಗಿ ಫೋನಿಗೆ ಇನ್ನಷ್ಟು ಹತ್ತಿರ ಬಾಗಿದಳು. ಆಮೇಲೆ ಅಜ್ಜಿಯ ಧ್ವನಿ ಕೇಳಿಸಿತು, ಆದರೆ ಇವರೊಡನೆ ಅಲ್ಲ.

"ಲೋ, ಬಾರೋ ಇಲ್ಲಿ. ಕೂತ್ಕೋ. ಬಾಯಿ ಮುಚ್ಕೊಂಡು ಇದನ್ನ ಕೇಳು."

ಚಪ್ಪಲಿಯ ಸದ್ದು ಹತ್ತಿರ ಬಂತು, ಕುರ್ಚಿ ಎಳೆದದ್ದು ಕೇಳಿಸಿತು. ತಂಗಿ ಇನ್ನೊಮ್ಮೆ ಜಿಗಣೆಯ ಪ್ರಸಂಗ ಹಾಕಿದಳು. ಅದು ಮುಗಿದ ಮೇಲೆ ಬಿರುಗಾಳಿ ಏಳುವುದು ಖಂಡಿತ ಎಂದುಕೊಂಡು ಅಣ್ಣ ಮೆಲ್ಲಗೆ ಬಾಗಿಲ ಕಡೆ ಸರಿದ. ತಂಗಿ ಮಾತ್ರ ರೆಕಾರ್ಡರಿನ ಟೇಪು ಕಿತ್ತು ಗುಂಡಿ ಒತ್ತಿದಳು, ಏನೇ ಬರಲಿ, ಇದೊಂದನ್ನು ಕಳೆದುಕೊಳ್ಳಬಾರದೆಂದು.

ಅಪ್ಪ ಬಹಳ ಹೊತ್ತು ಗಂಟಲು ಸರಿಮಾಡಿಕೊಂಡರು.

"ಅವನ ಕಾಲಿಗೆ ಔಷಧಿ ಏನಾದ್ರೂ ಹಚ್ಚಿದೀರಾ?"

ಹೆಣ್ಣು ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯದು. ಗಂಡು ಫೋನಿಗೆ ಬಾಗಿ, ಹಚ್ಚಿದ್ದೇವೆ ಎಂದು ಹಸಿ ಸುಳ್ಳು ಹೇಳಿ, ಕಣ್ಸನ್ನೆಯಲ್ಲೇ ಅಣ್ಣನನ್ನು ಔಷಧಿ ಹುಡುಕಲು ಓಡಿಸಿದ. ತಂಗಿ ಬಗ್ಗಿ ನೋಡಿದಳು. ಕೆಂಪು ದೀಪ ಉರಿಯುತ್ತಿತ್ತು.