ಎಡಗಡೆಯ ಕ್ಯಾಲಿಪರ್

ಯಾರಿಗೂ ಕೆಟ್ಟ ಸುದ್ದಿ ಹೇಳಲಾರದ ಬಾಯಿ ನನ್ನದು. ನಮ್ಮ ದ್ವೀಪದ ಪೊನ್ಸೆ ಪಟ್ಟಣದಿಂದ ಮೇಲಕ್ಕೆ ಹತ್ತಿದರೆ ಸಿಗುವ ನಮ್ಮ ಬೆಟ್ಟದ ಊರಿನಲ್ಲಿ ಟೈರ್ ಅಂಗಡಿ ಇಟ್ಟು ಇಪ್ಪತ್ತಾರು ವರ್ಷವಾಯಿತು. ಬೋಳು ಟೈರು ತಂದು ‘ಅಬಿಮಾಯೆಲ್, ಇನ್ನೆಷ್ಟು ದಿನ ಬರುತ್ತೆ?’ ಎಂದು ಕೇಳಿದವರನ್ನೆಲ್ಲ ‘ಕ್ರಿಸ್‌ಮಸ್‌ವರೆಗೆ ಯೋಚನೆ ಬೇಡ’ ಎಂದು ಕಳಿಸಿದವನು ನಾನು. ಡಾಕ್ಟರು ಕೈಚೆಲ್ಲಿದ ಮೇಲೂ ಅಮ್ಮನಿಗೆ ‘ಮುಖಕ್ಕೆ ಬಣ್ಣ ಬಂದಿದೆ ಕಣಮ್ಮ’ ಎಂದಿದ್ದೆ. ನಾಲ್ಕನೇ ದಿನ ಅವಳು ಹೋದಳು. ಮನೆಯಲ್ಲಿ ನನ್ನನ್ನು ಸಕ್ಕರೆ ಬಾಯಿ ಎಂದು ಛೇಡಿಸುತ್ತಿದ್ದರು. ಆ ಬಾಯಿ ಏನು ಮಾಡಿತೆಂದು ಹೇಳುತ್ತೇನೆ. ನೀವಾದರೂ ನಂಬಿ.

ಕಳೆದ ಗುರುವಾರ ಅಣ್ಣ ಸೆಸಿಲಿಯೋ ಅಂಗಡಿಗೆ ಬಂದ. ಅವನ ಒಬ್ಬನೇ ಮಗ ಯಾರಿಯೆಲ್ ಸತ್ತು ಭಾನುವಾರಕ್ಕೆ ಒಂದು ವರ್ಷ. ನಮ್ಮ ಕಡೆ ರಸ್ತೆಯಲ್ಲಿ ಯಾರಾದರೂ ಸತ್ತರೆ ಆ ತಿರುವಿನಲ್ಲಿ ಮನೆಯವರು ಶಿಲುಬೆ ನೆಡುತ್ತಾರೆ. ಸತ್ತವನು ಕಾರಿನ ಹುಚ್ಚಿನವನಾಗಿದ್ದರೆ ಅದಕ್ಕೆ ಅವನ ಕಾರಿನದೇ ಏನಾದರೂ ಕಟ್ಟುತ್ತಾರೆ, ಸ್ಟೀರಿಂಗೋ, ಚಕ್ರದ ರಿಮ್ಮೋ. ಅಣ್ಣನಿಗೆ ಬೇಕಾಗಿದ್ದುದು ಮುಂದಿನ ಚಕ್ರಗಳ ಎರಡು ಕ್ಯಾಲಿಪರ್.

“ಸ್ಟೀರಿಂಗ್ ಸಾಕಲ್ವಾ ಅಣ್ಣ? ಬ್ರೇಕ್ ಕ್ಯಾಲಿಪರ್‌ನ ಶಿಲುಬೆಗೆ ಕಟ್ಟಿದ್ದು ನಾನೆಲ್ಲೂ ನೋಡಿಲ್ಲ.”

“ಅವನಿಗೆ ಇಷ್ಟ ಇದ್ದಿದ್ದು ಅದೇ ತಾನೆ. ಬಿಚ್ಚಿ, ತುಕ್ಕು ಉಜ್ಜಿ, ಇನ್ನೊಂದು ಸಲ ಕೆಂಪು ಬಳಿ. ನಾನೇ ಮಾಡೋಣ ಅಂದ್ರೆ ಕೈ ನಡುಗುತ್ತೆ.”

“ಕೈ ಯಾವಾಗಿಂದ ನಡುಗುತ್ತೆ?”

“ಅವತ್ತಿಂದ,” ಎಂದ. ಮೂವತ್ತು ವರ್ಷ ಇದೇ ಬೆಟ್ಟದ ರಸ್ತೆಯಲ್ಲಿ ಬಾಡಿಗೆ ವ್ಯಾನು ಓಡಿಸಿದ ಕೈ ಅದು.

ಕ್ಯಾಲಿಪರ್ ಎಂದರೆ ಚಕ್ರದೊಳಗಿನ ಡಿಸ್ಕನ್ನು ಎರಡೂ ಕಡೆಯಿಂದ ಅಮುಕಿ ನಿಲ್ಲಿಸುವ ಕಬ್ಬಿಣದ ಮುಷ್ಟಿ. ರಿಮ್ಮಿನ ಸಂದಿಯಿಂದ ಅದು ಕೆಂಪಗೆ ಕಾಣಬೇಕು ಎನ್ನುವುದು ನಮ್ಮ ಹುಡುಗರ ಶೋಕಿ. ಯಾರಿಯೆಲ್‌ಗೆ ಹತ್ತೊಂಬತ್ತು ವರ್ಷ, ಅವನ ಬಿಳಿ ಕಾರಿಗೆ ಅವನಿಗಿಂತ ಇಪ್ಪತ್ತು ವರ್ಷ ಜಾಸ್ತಿ. ಹೋದ ವರ್ಷ ಒಂದು ಶನಿವಾರ ಅವರ ಮನೆಯ ಕಾರ್ ಶೆಡ್ಡಿನಲ್ಲಿ ನಾವು ಮೂವರೂ ಸೇರಿ ಆ ಬಣ್ಣ ಬಳಿದೆವು. ಮಾರನೆಯ ಬೆಳಿಗ್ಗೆ ಅವನು ಕಾರನ್ನು ಗೆಳೆಯರಿಗೆ ತೋರಿಸಲೆಂದು ಪೊನ್ಸೆಯ ಸಮುದ್ರದಂಡೆಗೆ ಹೊರಟ. ಹಳೇ ರಸ್ತೆಯ ಏಳನೇ ತಿರುವಿನಲ್ಲಿ ಕಾರು ತಿರುಗಲಿಲ್ಲ, ನೇರ ಕೆಳಗೆ ಹೋಯಿತು.

ಪೊಲೀಸರು ಅತಿವೇಗ ಎಂದು ಬರೆದುಕೊಂಡರು. ಬ್ರೇಕ್ ಹಾಕಿದ ಗುರುತೇ ರಸ್ತೆಯ ಮೇಲಿಲ್ಲ ಎಂದರು. ಆ ಮಾತು ಅತ್ತಿಗೆ ಮಿಗ್ದಾಲಿಯಾಳ ಎದೆಯಲ್ಲಿ ಮುಳ್ಳಾಗಿ ಕೂತಿತು. ಸತ್ತವನ ಆತ್ಮಕ್ಕೆಂದು ಮಾಡುವ ಒಂಬತ್ತು ದಿನದ ಜಪ ಮುಗಿದ ಸಂಜೆ, ಬಂದವರಿಗೆಲ್ಲ ತೊಗರಿಕಾಳಿನ ಅನ್ನ ಬಡಿಸಿ ಮುಗಿಸಿ ಅವಳು ಹೇಳಿದಳು: “ಬ್ರೇಕ್ ಕೂಡ ಹಾಕಲಿಲ್ಲ ಅಂದ್ರೆ ಅವನಿಗೆ ನನ್ನ ನೆನಪೇ ಬರಲಿಲ್ಲ ಅಂತ ತಾನೆ?” ಅಲ್ಲಿಂದೀಚೆಗೆ ಅವಳು ಸಮಾಧಿಗೆ ಒಂದು ಸಲವೂ ಹೋಗಿರಲಿಲ್ಲ. ಸತ್ತ ಮಗನ ಮೇಲೆ ಸಿಟ್ಟು ಮಾಡಿಕೊಂಡ ತಾಯಿಯನ್ನು ಸಮಾಧಾನ ಮಾಡಲು ನನ್ನ ಬಾಯಿಗೂ ಆಗಲಿಲ್ಲ.

ಗುರುವಾರ ಮಧ್ಯಾಹ್ನ ನನ್ನ ಟೂಲ್ ಬಾಕ್ಸ್ ಹೊತ್ತು ಅವರ ಮನೆಗೆ ಹೋದೆ. ಶೆಡ್ಡಿನಲ್ಲಿ ನಜ್ಜುಗುಜ್ಜಾದ ಕಾರು ಟಾರ್ಪಾಲಿನ ಕೆಳಗಿತ್ತು. ಜ್ಯಾಕ್ ಕೊಟ್ಟು ಮುಂದಿನ ಎಡ ಚಕ್ರ ಕಳಚಿದೆ. ಕ್ಯಾಲಿಪರ್ ಕೂತಿದ್ದ ರೀತಿಯೇ ತಪ್ಪಾಗಿ ಕಂಡಿತು.

ಕ್ಯಾಲಿಪರಿಗೊಂದು ಸಣ್ಣ ನಿಪ್ಪಲ್ ಇರುತ್ತದೆ. ಬ್ರೇಕ್ ಆಯಿಲ್ ತುಂಬುವಾಗ ಒಳಗೆ ಸೇರಿಕೊಂಡ ಗಾಳಿಯನ್ನು ಅದರಿಂದ ಹೊರಗೆ ಬಿಡಬೇಕು. ಗಾಳಿ ಮೇಲಕ್ಕೇರುವುದರಿಂದ ನಿಪ್ಪಲ್ ಯಾವಾಗಲೂ ಮೇಲ್ಗಡೆಯೇ ಇರಬೇಕು. ಇಲ್ಲಿ ಅದು ಕೆಳಗೆ ನೆಲ ನೋಡುತ್ತಿತ್ತು. ಓಡಿ ಹೋಗಿ ಬಲ ಚಕ್ರ ಕಳಚಿದೆ. ಅಲ್ಲಿಯೂ ಹಾಗೆಯೇ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂತಿತ್ತು. ಹಾಗೆ ಕೂತರೆ ಗಾಳಿ ಒಳಗೇ ಉಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕು ಕಾದ ಮೇಲೆ ಪೆಡಲ್ ಎಷ್ಟು ಒತ್ತಿದರೂ ಗಾಳಿಯನ್ನಷ್ಟೇ ಒತ್ತಿದಂತೆ. ಕಾರು ನಿಲ್ಲುವುದಿಲ್ಲ, ರಸ್ತೆಯ ಮೇಲೆ ಗುರುತೂ ಬೀಳುವುದಿಲ್ಲ.

ಆ ಶನಿವಾರ ಎರಡನ್ನೂ ಬಿಚ್ಚಿ, ಛಾವಣಿಯ ಪೈಪಿಗೆ ತಂತಿ ಕಟ್ಟಿ ಒಣಗಲು ನೇತುಹಾಕಿದ್ದೆವು. ಅದಲುಬದಲಾಗದಿರಲಿ ಎಂದು ಯಾರಿಯೆಲ್ ಅಮ್ಮನ ಹಳೇ ಏಪ್ರನ್ ಹರಿದು, ಅದರ ಒಂದು ನೀಲಿ ಪಟ್ಟಿಯನ್ನು ಎಡದ್ದಕ್ಕೆ ಗುರುತಿಗೆ ಕಟ್ಟಿದ್ದ. ಅವನು ಬುದ್ಧಿವಂತನೇ ಆಗಿದ್ದ. ಎರಡನೇ ಸಲ ಬಣ್ಣ ಹಚ್ಚುವ ಹೊತ್ತಿಗೆ ಅವನು ಬಿಯರ್ ತರಲು ಹೋಗಿದ್ದ, ಅಣ್ಣ ಒಳಗಿದ್ದ. ಹಸಿ ಬಣ್ಣಕ್ಕೆ ಆ ಬಟ್ಟೆ ಅಂಟಿಕೊಳ್ಳುತ್ತಿತ್ತು. ‘ನೆನಪಿರುತ್ತೆ ಬಿಡು’ ಎಂದುಕೊಂಡು ನಾನು ಗಂಟು ಬಿಚ್ಚಿದೆ. ಎರಡನ್ನೂ ಇಳಿಸಿ, ಬಳಿದು, ಮತ್ತೆ ನೇತುಹಾಕಿದೆ. ಸಂಜೆ ಅಣ್ಣ ತಂತಿಯಿಂದ ಅವನ್ನಿಳಿಸಿ, ಎಡಗಡೆ ತೂಗುತ್ತಿದ್ದುದನ್ನು ಎಡಕ್ಕೆಂದೂ ಬಲಗಡೆಯದನ್ನು ಬಲಕ್ಕೆಂದೂ ನನ್ನ ಕೈಗಿತ್ತ. ಬೋಲ್ಟ್ ಬಿಗಿದವನೂ ನಾನೇ, ಗಾಳಿ ತೆಗೆದವನೂ ನಾನೇ. ಟೈರಿನವನಿಗೆ ಬ್ರೇಕಿನ ಉಸಾಬರಿ ಯಾಕೆ ಬೇಕಿತ್ತು?

ಇನ್ನೂ ಒಂದಿದೆ, ಯಾರಿಗೂ ಹೇಳದ್ದು. ಅವತ್ತು ಸಂಜೆ ಊರೊಳಗೆ ಒಂದು ಸುತ್ತು ಹೋಗಿ ಬಂದ ಯಾರಿಯೆಲ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದ: “ಚಿಕ್ಕಪ್ಪ, ಪೆಡಲ್ ಯಾಕೋ ಸ್ವಲ್ಪ ಮೆತ್ತಗಿದೆ ಅಲ್ವಾ?”

“ಹೊಸ ಆಯಿಲ್ ಕಣೋ. ಎರಡು ದಿನ ಓಡ್ಸು, ಸರಿಹೋಗುತ್ತೆ.”

ನನ್ನ ಮಾತಿನ ಮೇಲೆ ಅವನಿಗೆ ನಂಬಿಕೆ. ನಕ್ಕು ತಲೆ ಒಳಗೆಳೆದುಕೊಂಡ.

ಈ ಗುರುವಾರ, ಅದೇ ಶೆಡ್ಡಿನಲ್ಲಿ, ಸ್ಪ್ಯಾನರ್‌ಗೆಂದು ಟೂಲ್ ಬಾಕ್ಸಿನ ಕೆಳತಟ್ಟೆಗೆ ಕೈ ಹಾಕಿದರೆ ಬಟ್ಟೆ ಸಿಕ್ಕಿತು. ಅದೇ ನೀಲಿ ಪಟ್ಟಿ, ಅಂಚಿನಲ್ಲಿ ಒಣಗಿದ ಕೆಂಪು. ಅವತ್ತು ಅಲ್ಲಿಗೇ ಎಸೆದಿದ್ದೆ. ಅದನ್ನು ಜೇಬಿಗೆ ತುರುಕಿ, ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೇನೋ ಎಂಬಂತೆ ಬೋಲ್ಟುಗಳನ್ನು ಬಿಚ್ಚಿದೆ. ಎರಡನ್ನೂ ಬೆಂಚಿನ ಮೇಲಿಟ್ಟೆ. ಒಮ್ಮೆ ಕಾರಿನಿಂದ ಕೆಳಗಿಳಿದ ಮೇಲೆ ಯಾವುದು ಎಲ್ಲಿತ್ತು ಎಂದು ದೇವರೂ ಹೇಳಲಾರ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಆಗ ಹಗುರವಾಯಿತು.

ಅಣ್ಣ ಕಾಫಿ ತಂದ. ಲೋಟ ಬೆಂಚಿನ ಮೇಲಿಟ್ಟು, ಕ್ಯಾಲಿಪರುಗಳ ಕಡೆ ನೋಡದೆ ಹೇಳಿದ: “ನಿಪ್ಪಲ್ ಕೆಳಗಿತ್ತಲ್ವಾ?”

ನಾನು ತಂತಿ ಬ್ರಶ್ಶು ಹುಡುಕತೊಡಗಿದೆ.

“ಕ್ರೇನಿನವರು ಕಾರು ತಂದು ಹಾಕಿದ ವಾರಾನೇ ನೋಡ್ದೆ ಅಬಿ. ಚಕ್ರ ಮತ್ತೆ ಹಾಕಿ ಮುಚ್ಚಿಟ್ಟೆ. ತಂತಿಯಿಂದ ಇಳಿಸಿದ್ದು ನಾನು. ನಿನ್ ಕೈಗೆ ಕೊಟ್ಟಿದ್ದು ನಾನು. ಅವನು ಕಟ್ಟಿದ್ದ ಗುರುತು ಬಿಚ್ಚಿದ್ದೂ ನಾನೇ. ಕಣ್ಣು ಮುಚ್ಚಿದ್ರೆ ಅದೇ ಬರುತ್ತೆ ಕಣೋ, ನನ್ ಬೆರಳು ಆ ಗಂಟು ಬಿಚ್ತಾ ಇರೋದು.”

ಅವನು ಬಿಚ್ಚಿರಲಿಲ್ಲ. ವರ್ಷವಿಡೀ ತನ್ನನ್ನೇ ಕೊರೆದುಕೊಂಡು ಆ ಬೆರಳುಗಳನ್ನು ಅವನೇ ಹುಟ್ಟಿಸಿಕೊಂಡಿದ್ದ. ಪಟ್ಟಿ ನನ್ನ ಜೇಬಿನಲ್ಲಿತ್ತು. ಕೈ ಹಾಕಿ ತೆಗೆದರೆ ಮುಗಿಯುತ್ತಿತ್ತು.

“ಗಡಿಬಿಡೀಲಿ ಯಾರಿಗಾದ್ರೂ ಆಗುತ್ತೆ ಅಣ್ಣ,” ಎಂದೆ.

“ಭಾನುವಾರ ಮಿಗ್ದಾಲಿಯಾಗೆ ಹೇಳ್ಬಿಡ್ತೀನಿ. ಶಿಲುಬೆ ಹತ್ರಾನೆ.”

“ಬೇಡ ಅಣ್ಣ. ಹೇಳಿ ಏನು ಬಂತು? ಅವಳು ನಿನ್ನನ್ನ ಬಿಡ್ತಾಳೆ.”

“ಬಿಡ್ಲಿ. ಮಗನಿಗೆ ತನ್ನ ನೆನಪಾಗಲಿಲ್ಲ ಅಂತ ಕೂತಿದಾಳಲ್ಲ ಅವಳು. ಅವನು ಬ್ರೇಕ್ ಹಾಕಿದ್ದ ಅಬಿ. ಒತ್ತೇ ಒತ್ತಿದ್ದ. ಅದನ್ನ ಅವಳಿಗೆ ಹೇಳ್ಬೇಡ್ವಾ?”

ಅವನು ಒಳಗೆ ಹೋದ. ನಾನು ತಂತಿ ಬ್ರಶ್ಶಿನಿಂದ ತುಕ್ಕು ಉಜ್ಜಿದೆ. ಯಾರಿಯೆಲ್ ಉಳಿಸಿದ್ದ ಬಣ್ಣದ ಡಬ್ಬಿ ಶೆಲ್ಫಿನಲ್ಲೇ ಇತ್ತು, ಮೇಲೆ ಕೆನೆಗಟ್ಟಿತ್ತು. ಕಡ್ಡಿಯಿಂದ ಕೆನೆ ಸರಿಸಿದರೆ ಕೆಳಗೆ ಬಣ್ಣ ಇನ್ನೂ ಹಸಿಯಾಗಿತ್ತು. ಎರಡು ಸಲ ಬಳಿದೆ. ಶುಕ್ರವಾರ ಹೇಳುತ್ತೇನೆ ಎಂದುಕೊಂಡೆ, ಹೇಳಲಿಲ್ಲ. ಶನಿವಾರ ಅಣ್ಣ ಎರಡು ಸಲ ಅಂಗಡಿಯ ಮುಂದೆ ಹಾದುಹೋದ, ಆಗಲೂ ಹೇಳಲಿಲ್ಲ. ನನ್ನಂಥ ಹೇಡಿಯನ್ನು ನಾನು ಕಂಡಿಲ್ಲ.

ಭಾನುವಾರ ಚರ್ಚಿನಲ್ಲಿ ವರ್ಷದ ಬಲಿಪೂಜೆ ಮುಗಿಸಿ ಮೂವರೂ ನನ್ನ ವ್ಯಾನಿನಲ್ಲಿ ಏಳನೇ ತಿರುವಿಗೆ ಹೋದೆವು. ಅತ್ತಿಗೆ ಬರುವುದಿಲ್ಲ ಎಂದಿದ್ದಳು, ಅಣ್ಣ ಕೈಹಿಡಿದು ಬೇಡಿಕೊಂಡ ಮೇಲೆ ಬಂದಳು. ಶಿಲುಬೆ ನೆಟ್ಟು, ಅಡ್ಡಪಟ್ಟಿಯ ಎರಡು ತುದಿಗೆ ಎರಡು ಕ್ಯಾಲಿಪರ್ ತಂತಿಯಿಂದ ಬಿಗಿದೆ. ಎಡ ಯಾವುದು, ಬಲ ಯಾವುದು ಎಂದು ಈಗ ಯಾರಿಗೂ ಬೇಕಿರಲಿಲ್ಲ.

ಅಣ್ಣ ಟೋಪಿ ತೆಗೆದು ಹೆಂಡತಿಗೆ ಎಲ್ಲವನ್ನೂ ಹೇಳಿದ. ಒಂದನ್ನೂ ಬಿಡಲಿಲ್ಲ. ಕೇಳುತ್ತ ಕೇಳುತ್ತ ಅವಳ ಮುಖ ಮೊದಲು ಮೃದುವಾಯಿತು. ಮಗ ಬ್ರೇಕ್ ಹಾಕಿದ್ದ. ಆಮೇಲೆ ಗಂಡನ ಕಡೆ ತಿರುಗಿದಾಗ ಅದು ಕಲ್ಲಾಗಿತ್ತು.

ಆಗ ಬಾಯಿ ಬಿಟ್ಟೆ. “ಅತ್ತಿಗೆ, ಅಣ್ಣ ಅಲ್ಲ. ನಾನು.” ಜೇಬಿನಿಂದ ನೀಲಿ ಪಟ್ಟಿ ತೆಗೆದು ಅವಳ ಕೈಗಿಟ್ಟೆ. “ಇದನ್ನ ಬಿಚ್ಚಿದ್ದು ನಾನು. ಬಣ್ಣಕ್ಕೆ ಅಂಟುತ್ತೆ ಅಂತ. ವಾಪಸ್ ನೇತುಹಾಕೋವಾಗ ಅದಲುಬದಲು ಮಾಡಿದ್ದೂ ನಾನೇ. ಪೆಡಲ್ ಮೆತ್ತಗಿದೆ ಅಂತ ಅವನು ನನಗೆ ಹೇಳಿದ್ದ, ಸರಿಹೋಗುತ್ತೆ ಅಂದೆ.”

ಅತ್ತಿಗೆ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು. “ನನ್ನ ಏಪ್ರನ್ನಿಂದು,” ಎಂದಳು. “ಅವನು ಹರೀತಾ ಇದ್ದಾಗ ಬೈದಿದ್ದೆ.”

ಅಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟ. “ನೋಡು ಇವನನ್ನ. ನಾನು ಬಿಚ್ಚಿ ಬಿಸಾಕಿದ್ದನ್ನ ಎತ್ತಿಟ್ಕೊಂಡಿದಾನೆ. ಅಮ್ಮನಿಗೂ ಹಿಂಗೇ ಮಾಡಿದ್ದ, ಕೊನೇ ದಿನದವರೆಗೂ. ಅಬಿ, ನಿಂದೇ ತಪ್ಪಾಗಿದ್ರೆ ಗುರುವಾರ ನಾನು ಹೇಳ್ದಾಗ್ಲೇ ಹೇಳ್ತಿದ್ದೆ ಅಲ್ವೇನೋ?”

“ಹೆದರಿಕೊಂಡಿದ್ದೆ ಅಣ್ಣ. ಆಣೆ ಮಾಡಿ ಹೇಳ್ತೀನಿ.”

“ಇರ್ಲಿ ಬಿಡು. ನೀನು ಹೊತ್ಕೋಬೇಡ.”

“ಪೆಡಲ್ ಮೆತ್ತಗಿದೆ ಅಂತ ಅವನು ಹೇಳಿದ್ದು ಸುಳ್ಳಾ? ಅತ್ತಿಗೆ, ನೀನಾದ್ರೂ ಕೇಳು.”

“ಅಬಿ,” ಎಂದಳು ಮಿಗ್ದಾಲಿಯಾ. ದನಿಯಲ್ಲಿ ಕೋಪವಿರಲಿಲ್ಲ, ಅದೇ ನನ್ನನ್ನು ಕೊಂದಿತು. “ನೀನು ಒಳ್ಳೆಯವನು. ಇವತ್ತೊಂದಿನ ನಿನ್ನ ಸಕ್ಕರೆ ಬೇಡಪ್ಪ.”

ಪಟ್ಟಿಯನ್ನು ಅವಳು ತನ್ನ ಮಣಿಕಟ್ಟಿಗೆ ಸುತ್ತಿಕೊಂಡಳು. ಗಂಡನ ಕಡೆ ನೋಡದೆ ಅವನಿಗೆ ಹೇಳಿದಳು: “ನೀನು ಮನೆಗೆ ಬರ್ಬೇಡ.” ಆಮೇಲೆ ನನಗೆ: “ಸಮಾಧಿ ಹತ್ರ ಕರ್ಕೊಂಡು ಹೋಗು. ಅವನ ಹತ್ರ ಕ್ಷಮೆ ಕೇಳ್ಬೇಕು ನಾನು.”

“ಹೋಗೋ,” ಎಂದ ಅಣ್ಣ. “ನಾನು ನಡ್ಕೊಂಡು ಬರ್ತೀನಿ.” ಎಲ್ಲಿಗೆ ಬರುತ್ತಾನೆ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ವ್ಯಾನು ಹತ್ತಿದೆವು. ಸ್ಮಶಾನಕ್ಕೆ ಇದೇ ಇಳಿಜಾರಿನಲ್ಲಿ ಇನ್ನೂ ನಾಲ್ಕು ತಿರುವು ಇಳಿಯಬೇಕು. ಕನ್ನಡಿಯಲ್ಲಿ ಅಣ್ಣ ಶಿಲುಬೆಯ ಪಕ್ಕ ಟೋಪಿ ಹಿಡಿದುಕೊಂಡೇ ನಿಂತಿದ್ದ. ಮೊದಲ ತಿರುವು ಬರುವಾಗ ಅತ್ತಿಗೆ ನನ್ನ ತೋಳು ಹಿಡಿದುಕೊಂಡಳು.

“ಇದರ ಬ್ರೇಕ್ ಸರಿ ಇದೆ ತಾನೆ ಅಬಿ?”

“ಸರಿ ಇದೆ ಅತ್ತಿಗೆ,” ಎಂದೆ.

ಆ ಮಾತನ್ನು ಅವಳು ತಕ್ಷಣ ನಂಬಿದಳು. ತೋಳು ಬಿಟ್ಟು, ಸೀಟಿಗೊರಗಿ ಕಣ್ಣು ಮುಚ್ಚಿಕೊಂಡಳು.